ನಾಲ್ಕನೆಯ ಅಬ್ಬಿಯ ಮೇಲಿನ ಮನೆ

ಕಾಡಿನ ಅಂಚಿನ ಒಂದು ಆಶ್ರಮದಲ್ಲಿ ವಯಸ್ಸಾದ ಗುರುಗಳೊಬ್ಬರಿದ್ದರು. ಅವರ ಜೊತೆ ಮರುಳಪ್ಪನೆಂಬ ಶಿಷ್ಯನಿದ್ದ.

ಮರುಳಪ್ಪ ಯಾವ ಕೆಲಸಕ್ಕೂ ಹಿಂದೆ ಬೀಳುವವನಲ್ಲ. ಸೌದೆ ಒಡೆಯುತ್ತಿದ್ದ, ಅಡುಗೆ ಮಾಡುತ್ತಿದ್ದ, ಕಾಯಿಲೆ ಬಿದ್ದವರ ಪಕ್ಕ ಕೂರುತ್ತಿದ್ದ. ಆದರೆ ಹೊಳೆಗೆ ಮಾತ್ರ ಹೋಗುತ್ತಿರಲಿಲ್ಲ. ಆಶ್ರಮದ ಹಿಂದೆಯೇ ಹೊಳೆ ಹರಿಯುತ್ತಿದ್ದರೂ ಸ್ನಾನಕ್ಕೆ ಬಾವಿಯಿಂದ ನೀರು ಸೇದುತ್ತಿದ್ದ.

ಮೂರು ವರ್ಷದ ಹಿಂದೆ, ಆಷಾಢದ ಮಳೆಯಲ್ಲಿ, ಅವನೂ ಅವನ ಅಣ್ಣನೂ ಕಾಡಿನೊಳಗೆ ಇದೇ ಹೊಳೆಯನ್ನು ದಾಟುತ್ತಿದ್ದರು. ಕಾಲುಸಂಕದ ಮರ ಮುರಿಯಿತು. ಇಬ್ಬರೂ ನೀರಿಗೆ ಬಿದ್ದರು. ದಡದಲ್ಲಿದ್ದವನೊಬ್ಬ ಮರುಳಪ್ಪನನ್ನು ಎಳೆದು ಹಾಕಿದ. ಅಣ್ಣ ಸಿಗಲಿಲ್ಲ.

ಮರುಳಪ್ಪ ಊರಿಗೆ ಮರಳಲಿಲ್ಲ. ಆಶ್ರಮಕ್ಕೆ ಬಂದವನು ಅಲ್ಲೇ ಉಳಿದ.

ಕಾರ್ತಿಕದ ಒಂದು ಸಂಜೆ ಗುರುಗಳು ಹೇಳಿದರು: “ಮರುಳಾ, ಮಳೆ ನಿಂತಿದೆ. ನಾಳೆ ಅಬ್ಬಿಗಳನ್ನು ನೋಡಿಬರೋಣ.”

ಕಾಡಿನಲ್ಲಿ ಆ ಹೊಳೆ ನಾಲ್ಕು ಕಡೆ ಬಂಡೆಯಿಂದ ಧುಮುಕುತ್ತಿತ್ತು. ಆ ಸೀಮೆಯವರು ಅವನ್ನು ಅಬ್ಬಿ ಎನ್ನುತ್ತಿದ್ದರು. ಒಂದರಿಂದ ಇನ್ನೊಂದಕ್ಕೆ ಕಾಲುದಾರಿಯಿತ್ತು.

“ನಿಮ್ಮ ಮೊಣಕಾಲು ಒಪ್ಪುತ್ತದೆಯೇ, ಗುರುಗಳೇ?”

“ದಾರಿಯಲ್ಲಿ ಅದನ್ನೇ ಕೇಳೋಣ. ನಾಲ್ಕನೆಯ ಅಬ್ಬಿಯ ಮೇಲೆ ಬೊಮ್ಮನ ಮನೆಯಿದೆ. ಅವನನ್ನು ಕಾಣಬೇಕು.”

“ಯಾವ ಬೊಮ್ಮ?”

“ಮೊನ್ನೆ ಬುಟ್ಟಿ ಕೊಟ್ಟು ಹೋದನಲ್ಲ, ಅವನು. ನೀನು ಸೌದೆಗೆ ಹೋಗಿದ್ದೆ. ಆ ದಿನ ನಿನ್ನನ್ನು ನೀರಿನಿಂದ ಎಳೆದವನು ಅವನೇ.”

ಸೊಪ್ಪು ಸೋಸುತ್ತಿದ್ದ ಮರುಳಪ್ಪನ ಕೈ ನಿಂತಿತು.

“ನಾನು ಬರುವುದಿಲ್ಲ.”

“ಸರಿ. ನಾನು ಹೋಗಿಬರುತ್ತೇನೆ.”

ಗುರುಗಳು ಒಳಗೆ ಹೋಗಿ ಬುತ್ತಿ ಕಟ್ಟುವ ಬಟ್ಟೆ ಹುಡುಕತೊಡಗಿದರು. ಅವರಿಗೆ ಅದು ಸಿಗಲಿಲ್ಲ. ಅದು ಎಲ್ಲಿದೆ ಎಂದು ತಿಳಿದಿದ್ದವನು ಮರುಳಪ್ಪ ಒಬ್ಬನೇ.

ಬೆಳಗಾದಾಗ ಬುತ್ತಿಯ ಗಂಟು ಅವನ ಹೆಗಲ ಮೇಲಿತ್ತು.

ಮೊದಲನೆಯ ಅಬ್ಬಿ ಆಳೆತ್ತರದ್ದು. ನೀರು ತಿಳಿಯಾಗಿತ್ತು. ಗುರುಗಳು ಬೊಗಸೆ ತುಂಬಿ ಕುಡಿದರು, ಮುಖ ತೊಳೆದರು, ಕೈ ಮುಗಿದು “ದೊಡ್ಡ ಉಪಕಾರವಾಯಿತು” ಎಂದರು.

ಮರುಳಪ್ಪ ದೂರದಲ್ಲಿ ನಿಂತೇ ಕೇಳಿದ: “ಯಾರಿಗೆ ಹೇಳಿದಿರಿ?”

“ನೀರಿಗೆ.”

“ಅದು ನಿಮಗೋಸ್ಕರ ಹರಿಯುತ್ತಿಲ್ಲವಲ್ಲ.”

“ಇಲ್ಲ. ಆದರೆ ಬಾಯಾರಿಕೆ ನನ್ನದೇ ಆಗಿತ್ತು.”

ದಾರಿ ಏರುತ್ತಾ ಹೋಯಿತು. ಗುರುಗಳು ನೆಲ್ಲಿಕಾಯಿ ಕಂಡಲ್ಲಿ ನಿಂತರು, ಜೇಡರ ಬಲೆ ಅಡ್ಡ ಬಂದಲ್ಲಿ ಬಗ್ಗಿ ನಡೆದರು. ಮೊಣಕಾಲು ಹಿಡಿದಾಗ ಬಂಡೆಯ ಮೇಲೆ ಕೂತು ಅದನ್ನು ತಿಕ್ಕಿ, “ಇಷ್ಟು ದೂರ ಕರೆತಂದೆ ಪುಣ್ಯಾತ್ಮಾ, ಇನ್ನು ಸ್ವಲ್ಪವೇ ದೂರ” ಎಂದು ಅದರೊಡನೆ ಮಾತಾಡಿದರು.

ಎರಡನೆಯ ಅಬ್ಬಿಯ ಬುಡದಲ್ಲಿ ದಾರಿ ಹೊಳೆಯ ಆಚೆಗೆ ಹೋಗುತ್ತಿತ್ತು. ನೀರು ಮೊಣಕಾಲಿನವರೆಗೆ. ಮರುಳಪ್ಪ ದಡದಲ್ಲೇ ನಿಂತುಬಿಟ್ಟ.

ಗುರುಗಳು ನೀರಿಗಿಳಿದು ನಾಲ್ಕು ಹೆಜ್ಜೆ ಹೋಗಿ ನಿಂತರು.

“ಮರುಳಾ, ಕಲ್ಲು ಜಾರುತ್ತಿದೆ. ಕೈ ಕೊಡು.”

“ಗುರುಗಳೇ, ನನಗೆ ನಡುಕ.”

“ನನಗೂ ನಡುಕವೇ. ಬೇಗ ಬಾ, ಇಬ್ಬರೂ ಕೂಡಿ ನಡುಗೋಣ.”

ಅವನು ಇಳಿದ. ಗುರುಗಳ ಕೈ ಹಿಡಿದ. ಯಾರು ಯಾರನ್ನು ದಾಟಿಸಿದರೋ, ಇಬ್ಬರೂ ಆಚೆ ದಡದಲ್ಲಿದ್ದರು.

ಮೂರನೆಯ ಅಬ್ಬಿ ಎಲ್ಲಕ್ಕಿಂತ ದೊಡ್ಡದು. ಅದರ ಸದ್ದಿಗೆ ಎದೆಯೊಳಗೇ ಏನೋ ಅದುರುತ್ತಿತ್ತು. ಹನಿಗಳು ಬಂದು ಮುಖಕ್ಕೆ ತಾಗುತ್ತಿದ್ದವು. ಇಬ್ಬರೂ ತುಸು ದೂರದ ಮರದಡಿ ಕೂತು ಬುತ್ತಿ ಬಿಚ್ಚಿದರು. ಅವಲಕ್ಕಿ, ಬೆಲ್ಲ, ಕಾಯಿತುರಿ.

ಮರುಳಪ್ಪ ತಿನ್ನಲಿಲ್ಲ.

“ಆ ಬೊಮ್ಮ ನನ್ನನ್ನು ದಡಕ್ಕೆ ಹಾಕಿದಾಗ ನಾನು ಏನು ಮಾಡಿದೆ ಗೊತ್ತೇ?” ಎಂದ. “ಹೊಡೆಯಲು ಕೈ ಎತ್ತಿದೆ. ನನ್ನನ್ನೇಕೆ ಎಳೆದೆ, ಅವನನ್ನು ಎಳೆಯಬೇಕಿತ್ತು ಎಂದು ಬೈದೆ. ಅಣ್ಣನಿಗೆ ಹೆಂಡತಿಯಿದ್ದಳು, ಇಬ್ಬರು ಮಕ್ಕಳಿದ್ದರು. ನನಗೆ ಯಾರಿದ್ದರು?”

ಗುರುಗಳು ಬುತ್ತಿಯನ್ನು ಅವನ ಹತ್ತಿರಕ್ಕೆ ಸರಿಸಿದರು.

“ಈಗ ಅವನ ಮುಂದೆ ನಿಂತು ಏನು ಹೇಳಲಿ? ನೀನು ಮಾಡಿದ್ದು ಒಳ್ಳೆಯದಾಯಿತು ಎನ್ನಲೇ? ಹಾಗಂದರೆ ಅಣ್ಣ ಹೋದದ್ದೂ ಒಳ್ಳೆಯದಾಯಿತು ಎಂದ ಹಾಗೆ ಆಗುವುದಿಲ್ಲವೇ?”

ಗುರುಗಳು ಅವಲಕ್ಕಿಗೆ ಬೆಲ್ಲ ಪುಡಿಮಾಡಿ ಕಲಸಿದರು.

“ನಿನ್ನಣ್ಣನಿಗೆ ಇದು ಇಷ್ಟವಿತ್ತೇ?”

“ತುಂಬಾ. ಡಬ್ಬಿ ಮುಚ್ಚಿಟ್ಟರೂ ಬಿಡುತ್ತಿರಲಿಲ್ಲ.”

“ಹಾಗಾದರೆ ಎರಡು ಹಿಡಿ ತಿನ್ನು.”

ಮರುಳಪ್ಪ ಅಳುತ್ತಾ ತಿಂದ. ಎರಡು ಹಿಡಿಯಾದ ಮೇಲೆ ಇನ್ನೊಂದು ಹಿಡಿ ಕೇಳಿ ತಿಂದ.

ನಾಲ್ಕನೆಯ ಅಬ್ಬಿ ಬಿಳಿ ನೂಲಿನಂತೆ ಸಪೂರವಾಗಿತ್ತು. ಅದರ ಪಕ್ಕದಿಂದಲೇ ಹತ್ತಿ ಮೇಲೆ ಬಂದರೆ ಸ್ವಲ್ಪ ಬಯಲು, ಹುಲ್ಲು ಹೊದಿಸಿದ ಒಂದು ಮನೆ. ಅಂಗಳದಲ್ಲಿ ಐವತ್ತರ ಮೇಲಿನ ಗಂಡಸೊಬ್ಬ ಕಾಲಿನಿಂದ ಬಿದಿರಿನ ಸೀಳು ಒತ್ತಿ ಹಿಡಿದು ಬುಟ್ಟಿ ಹೆಣೆಯುತ್ತಿದ್ದ.

“ಬನ್ನಿ ಸ್ವಾಮೇರೆ” ಎಂದು ಎದ್ದವನು ಹಿಂದಿದ್ದ ಮರುಳಪ್ಪನನ್ನು ನೋಡಿ ಹಾಗೇ ನಿಂತ.

“ಇವರು...”

“ಹೌದು ಬೊಮ್ಮಾ,” ಎಂದರು ಗುರುಗಳು.

ಬೊಮ್ಮ ಒಂದೇ ಕೈಯನ್ನು ಹಣೆಗೆ ಮುಟ್ಟಿಸಿ ನಮಸ್ಕಾರ ಮಾಡಿದ. ಎಡಗೈ ಸೊಂಟದಿಂದ ಮೇಲೆ ಏಳಲಿಲ್ಲ.

ಮರುಳಪ್ಪ ಆ ಕೈಯನ್ನೇ ನೋಡಿದ.

“ಅದು ಅವತ್ತಿನದೇ?”

“ಹೂಂ. ಬೇರು ಹಿಡಿದಿದ್ದ ಕೈ. ತೋಳು ಕಳಚಿತ್ತು. ನೋವೇನಿಲ್ಲ ಈಗ, ಮಳೆಗಾಲದಲ್ಲಿ ಒಂಚೂರು ಅಷ್ಟೇ.” ಅವನು ನೆಲ ನೋಡುತ್ತಾ ಹೇಳಿದ: “ನೀವು ಕೇಳಿದ್ದು ಸರಿಯೇ ಅಯ್ಯಾ. ಅವರನ್ನ ಯಾಕೆ ಎಳೀಲಿಲ್ಲ ಅಂತ. ದಿನಾ ನಾನೂ ಕೇಳ್ಕೊಂಡಿದ್ದೇನೆ. ನಾನು ಆರಿಸ್ಲಿಲ್ಲ. ಒಂದು ಕೈ ಬೇರಿನಲ್ಲಿತ್ತು, ಇನ್ನೊಂದಕ್ಕೆ ನೀವು ಸಿಕ್ಕಿದ್ರಿ. ಅವರ ತಲೆ ಕಂಡಿತು, ಅಷ್ಟೇ ಕಂಡಿದ್ದು. ಮೂರು ದಿನ ಕೆಳಗಿನ ಮಡುವೆಲ್ಲಾ ಹುಡುಕಿದೆ.”

ಮರುಳಪ್ಪ ಬುತ್ತಿಯ ಗಂಟನ್ನು ಹೆಗಲಿನಿಂದ ಕೆಳಗಿಟ್ಟ.

“ಒಂದು ಕೇಳ್ತೇನೆ, ಸಿಟ್ಟು ಮಾಡ್ಬೇಡಿ,” ಎಂದ ಬೊಮ್ಮ. “ಅವರ ಹೆಸರೇನು?”

“ಯಾಕೆ?”

“ಮಾಲಯ ಅಮಾಸೆಗೆ ಹಿರಿಯರಿಗೆ ಎಡೆ ಇಡ್ತೇವಲ್ಲ. ಮೂರು ವರ್ಷದಿಂದ ಅಪ್ಪಂಗೊಂದು ಎಲೆ, ಅವ್ವಂಗೊಂದು ಎಲೆ, ಅವರಿಗೊಂದು ಎಲೆ. ಹೆಸರು ಹಿಡಿದು ಕರೀಬೇಕು, ನನಗೆ ಹೆಸರು ಗೊತ್ತಿಲ್ಲ. ಅವತ್ತು ನೀವು ‘ಅಣ್ಣಾ, ಅಣ್ಣಾ’ ಅಂತ ಕೂಗಿದ್ದು ಕಿವಿಯಲ್ಲಿತ್ತು. ನಾನೂ ಹಾಗೇ ಕರೀತೇನೆ. ಅಣ್ಣಾ ಬಾ, ಉಣ್ಣು ಅಂತ.”

ಮೂರು ವರ್ಷದಿಂದ ಮರುಳಪ್ಪ ಆ ಹೆಸರನ್ನು ಬಾಯಿಬಿಟ್ಟು ಹೇಳಿರಲಿಲ್ಲ.

“ಚೆನ್ನವೀರ,” ಎಂದ.

“ಚೆನ್ನವೀರ,” ಎಂದ ಬೊಮ್ಮ. ಮರೆಯಬಾರದೆಂದು ಇನ್ನೊಮ್ಮೆ ಹೇಳಿಕೊಂಡ. “ಚೆನ್ನವೀರಣ್ಣ.”

ಮರುಳಪ್ಪ ಬಗ್ಗಿ ಅವನ ಕಾಲು ಹಿಡಿದ. ಬಿದಿರಿನ ಸಿಬಿರು ಅಂಟಿದ್ದ ಆ ಕಾಲು ಹಿಂದೆ ಸರಿಯಲು ನೋಡಿತು, ಅವನು ಬಿಡಲಿಲ್ಲ.

“ಅಯ್ಯೋ, ಏಳಿ ಅಯ್ಯಾ, ಏನಿದು!”

“ಬೊಮ್ಮಣ್ಣಾ, ನಾನು ಬದುಕಿದ್ದೇನೆ. ನೀನು ಹಿಡಿದದ್ದಕ್ಕೆ ಬದುಕಿದ್ದೇನೆ. ಆವತ್ತೇ ಹೇಳಬೇಕಿತ್ತು.”

ಬೊಮ್ಮ ಕೂತುಬಿಟ್ಟ. ಒಂದು ಕೈಯಿಂದ ಅವನ ತಲೆ ಸವರಿದ. ಗುರುಗಳು ಅಂಗಳದಾಚೆ ಹೋಗಿ ಹೊಳೆಯ ಕಡೆ ಮುಖ ಮಾಡಿ ನಿಂತರು.

ಆಮೇಲೆ ಮೂವರೂ ಗಂಜಿ ಕುಡಿದರು. ಸುಟ್ಟ ಗೆಣಸು ತಿನ್ನುತ್ತಾ ಮರುಳಪ್ಪ ಅಣ್ಣನ ಮಕ್ಕಳ ವಿಷಯ ಹೇಳಿದ. ಹೊರಡುವಾಗ ಬೊಮ್ಮ ಒಂದು ಸೀಸೆ ಜೇನು ತಂದು ಮರುಳಪ್ಪನ ಕೈಗಿಟ್ಟ.

“ಚೆನ್ನವೀರಣ್ಣನ ಮಕ್ಕಳಿಗೆ. ಕೊಟ್ಟುಬರ್ತೀರಲ್ಲ?”

“ನಾಳೆಯೇ ಹೋಗುತ್ತೇನೆ,” ಎಂದ ಮರುಳಪ್ಪ.

ಇಳಿಯುವಾಗ ಅವನು ದಾರಿಯುದ್ದಕ್ಕೂ ಅಣ್ಣನ ಸುದ್ದಿಯನ್ನೇ ಹೇಳಿದ. ಅಣ್ಣ ಎತ್ತುಗಳ ಜೊತೆ ಜಗಳವಾಡುತ್ತಿದ್ದದ್ದು, ಹಲ್ಲಿ ಕಂಡರೆ ಹೆದರುತ್ತಿದ್ದದ್ದು, ತಮ್ಮನಿಗೆ ಜ್ವರ ಬಂದಾಗ ಅವನನ್ನು ಹೆಗಲ ಮೇಲೆ ಹೊತ್ತು ಎರಡು ಹರಿದಾರಿ ನಡೆದದ್ದು. ಹೇಳುತ್ತಾ ಹೇಳುತ್ತಾ ಎರಡು ಸಲ ನಕ್ಕ. ಗುರುಗಳೂ ನಕ್ಕರು.

ಆಶ್ರಮ ಕಣ್ಣಿಗೆ ಬಿದ್ದಾಗ ಮರುಳಪ್ಪ ತಟ್ಟನೆ ನಿಂತ.

“ಗುರುಗಳೇ, ಬೊಮ್ಮಣ್ಣ ಅಣ್ಣನಿಗೆ ಎಡೆ ಇಡುವುದು ನಿಮಗೆ ಮೊದಲೇ ಗೊತ್ತಿತ್ತೇ?”

“ಬುಟ್ಟಿ ತಂದ ದಿನ ಹೇಳಿದ್ದ.”

“ಅವನ ತೋಳಿನ ವಿಷಯ?”

“ಅದೂ ಗೊತ್ತಿತ್ತು.”

“ಹಾಗಾದರೆ ಇಲ್ಲೇ ಕೂತು ನನಗೆ ಹೇಳಬಹುದಿತ್ತು. ಅಷ್ಟೇ ಸಾಕಾಗುತ್ತಿತ್ತು. ಇಷ್ಟು ದೂರ ಏಕೆ ನಡೆಸಿದಿರಿ?”

ಗುರುಗಳು ಹೇಳಿದರು: “ನಾನು ಹೇಳಿದ್ದರೆ ನೀನು ನನ್ನ ಕಾಲಿಗೆ ಬೀಳುತ್ತಿದ್ದೆ.”