ಕೆಂಚಿ ಹಚ್ಚಿಕೊಂಡ ಬೇವು

ಹಲ್ಲು ಮೂಡಿದರೂ ಮರಿ ಹಾಲು ಬಿಡಲೊಲ್ಲದು ಎಂಬ ಚಿಂತೆ ಕೆಂಚಿ ಎಂಬ ಮೇಕೆಗೆ.

"ಊರ ಹೆಂಗಸರಂತೆ ಬೇವು ಹಚ್ಚಿಕೋ, ಒಂದೇ ದಿನಕ್ಕೆ ಬಿಡುತ್ತದೆ," ಎಂದಿತು ಪಕ್ಕದ ಎಮ್ಮೆ.

ಕೆಂಚಿ ಬೇವಿನೆಲೆ ಅಗಿದು ಕೆಚ್ಚಲಿಗೆ ಸವರಿಕೊಂಡಿತು. ಬಾಯಿಟ್ಟ ಮರಿ ಮುಖ ಸಿಂಡರಿಸಿ ಮೂಲೆ ಸೇರಿತು. ಸಂಜೆಯಾದರೂ ಒಂದೆಲೆ ಸೊಪ್ಪನ್ನೂ ಮುಟ್ಟಲಿಲ್ಲ. ಕೆಂಚಿ ಎಳೆ ಕುಡಿಯೊಂದನ್ನು ಕಚ್ಚಿ ತಂದು ಮರಿಯ ಮುಂದಿಟ್ಟಿತು.

"ತಿನ್ನು ಮಗಾ, ಸೊಪ್ಪು ಸಿಹಿಯಾಗಿದೆ."

"ನಿನ್ನ ಹಾಲೇ ಕಹಿಯಾದ ಮೇಲೆ ಸೊಪ್ಪನ್ನು ಹೇಗಮ್ಮಾ ನಂಬಲಿ?"

ನೀರೆಂದರೆ ಮಾರು ದೂರ ಹಾರುವ ಕೆಂಚಿ ಹಳ್ಳಕ್ಕಿಳಿದು ಕೆಚ್ಚಲು ತೊಳೆದುಕೊಂಡಿತು. ಅಂದಿನಿಂದ ಮರಿಯನ್ನು ಜೊತೆಗಿಟ್ಟುಕೊಂಡು ಮೊದಲು ಮೇಯಿಸಿತು, ಆಮೇಲೆ ಹಾಲೂಡಿಸಿತು. ಬರಬರುತ್ತಾ ಮೇವು ಹೆಚ್ಚಿತು, ಹಾಲು ಕಡಿಮೆಯಾಯಿತು.

ಒಂದು ಸಂಜೆ ಮರಿ ಹಾಲಿನ ನೆನಪೇ ಇಲ್ಲದೆ ಬೇಲಿಯಾಚೆ ಮೇಯುತ್ತಿತ್ತು. ಹಟ್ಟಿಯ ಬಾಗಿಲಲ್ಲಿ ನಿಂತು ಅರಚುತ್ತಿದ್ದುದು ಕೆಂಚಿ.