ಜೇನುಗಾರನ ಅರ್ಧ ಮುದ್ದೆ

“ಬುದ್ಧಿ, ಡಾಕ್ಟರು ನನಗೆ ದಿನಕ್ಕೆ ಸಾವಿರದ ಎಂಟುನೂರು ಕ್ಯಾಲೊರಿ ಎಂದು ಬರೆದುಕೊಟ್ಟಿದ್ದಾರೆ. ತೂಕ ವಾರಕ್ಕೆ ಅರ್ಧ ಕೆಜಿಯಂತೆ ಇಳಿಯುತ್ತಲೂ ಇದೆ. ಆದರೂ ಒಳಗೊಳಗೇ ಭಯ. ಆ ಸಾವಿರದ ಎಂಟುನೂರನ್ನು ಇನ್ನೂ ಕಡಿಮೆ ಮಾಡಬೇಕಾದದ್ದು ಯಾವಾಗ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಜೇನುಗಾರನಿದ್ದ. ಕಡಿದಾದ ಬಂಡೆಯ ತಲೆಯಿಂದ ಹಗ್ಗದಲ್ಲಿ ಇಳಿದು ಹೆಜ್ಜೇನು ಕೊಯ್ಯುವುದು ಅವನ ಕಸುಬು. ಹಗ್ಗದ ತುದಿಗೆ ಒಂದು ಕುಣಿಕೆ. ಅದರಲ್ಲಿ ಕಾಲು. ಒಂದು ಕೈ ಹಗ್ಗಕ್ಕೆ, ಇನ್ನೊಂದು ಕೈ ಕುಡುಗೋಲಿಗೆ. ಮೇಲೆ ಹಗ್ಗವನ್ನು ಮರಕ್ಕೆ ಒಂದು ಸುತ್ತು ಹಾಕಿ ಹಿಡಿದು ನಿಲ್ಲುವವನು ಹೆಂಡತಿಯ ತಮ್ಮನೇ ಆಗಿರಬೇಕು. ಅವರಲ್ಲಿ ಅದು ಕಟ್ಟಳೆ. ಒಡಹುಟ್ಟಿದ ಅಣ್ಣ ತಮ್ಮಂದಿರಾದರೆ ಯಾವುದೋ ಹಳೆಯ ಸಿಟ್ಟಿಗೆ ಹಗ್ಗ ಬಿಟ್ಟಾರು. ಅಕ್ಕನ ತಾಳಿ ಹೋಗಲಿ ಎಂದು ಯಾವ ತಮ್ಮನೂ ಬಿಡಲಾರ. ಲೋಕ ಕಂಡವರು ಮಾಡಿದ ಕಟ್ಟಳೆ ಅದು.

ಒಂದು ವರ್ಷ ಜೇನುಗಾರ ದಪ್ಪಗಾದ. ಆ ಸಲ ಅವನನ್ನು ಮೇಲೆತ್ತುವಷ್ಟರಲ್ಲಿ ಭಾವಮೈದುನನ ಅಂಗೈ ಸುಲಿದುಹೋಯಿತು.

“ಭಾವ, ಮುಂದಿನ ಜೇನಿಗೆ ಎಂಟು ಸೇರು ಇಳಿದು ಬಾ. ಇಲ್ಲವೋ, ಹಗ್ಗ ಹಿಡಿಯಲು ಬೇರೆ ಹೆಂಡತಿಯ ಬೇರೆ ತಮ್ಮನನ್ನು ಹುಡುಕಿಕೊ,” ಎಂದ.

ಅವನು ನಗುತ್ತಲೇ ಹೇಳಿದ. ಜೇನುಗಾರನಿಗೆ ನಗು ಬರಲಿಲ್ಲ. ಹಗ್ಗ ಹಿಡಿಯುವವನಿಲ್ಲದಿದ್ದರೆ ಕಸುಬಿಲ್ಲ. ಹಿಡಿದವನ ಕೈ ಸೋತರೆ ಜೀವವೇ ಇಲ್ಲ.

ಮುಂದಿನ ಜೇನಿಗೆ ಹದಿನಾರು ವಾರವಿತ್ತು. ಊಟಕ್ಕೆ ಮೂರು ಮುದ್ದೆ ಇಡುತ್ತಿದ್ದ ಹೆಂಡತಿ ಎರಡು ಇಟ್ಟಳು. ವಾರವಾರವೂ ಸಂತೆಯಲ್ಲಿ, ಜೇನು ಕೊಳ್ಳುವ ವ್ಯಾಪಾರಿಯ ದೊಡ್ಡ ತಕ್ಕಡಿಯಲ್ಲಿ ಕೂತು, ಜೇನುಗಾರ ತನ್ನನ್ನೇ ತೂಗಿಸಿಕೊಂಡ. ಸಂತೆಗೆ ಅರ್ಧ ಸೇರಿನಂತೆ ಇಳಿಯಿತು. ಎಂಟು ಸಂತೆಗೆ ನಾಲ್ಕು ಸೇರು. ಹೀಗೇ ಹೋದರೆ ಹೊತ್ತಿಗೆ ಸರಿಯಾಗಿ ಎಂಟಾಗುತ್ತಿತ್ತು.

ಅವನ ಚಿಂತೆ ಶುರುವಾದದ್ದು ಅಲ್ಲಿಂದಲೇ. ಏನಾದರೂ ಕೆಟ್ಟಾಗ ಮನುಷ್ಯ ಹೇಗೋ ಸುಧಾರಿಸಿಕೊಳ್ಳುತ್ತಾನೆ. ಎಲ್ಲ ಸರಿಯಾಗಿ ನಡೆಯುತ್ತಿರುವುದನ್ನು ಮಾತ್ರ ಅವನಿಂದ ತಾಳಿಕೊಳ್ಳಲಾಗುವುದಿಲ್ಲ. ಇಳಿಯುವುದು ಎಲ್ಲಾದರೂ ನಿಂತುಬಿಟ್ಟರೆ? ಉಣ್ಣುವಾಗ ಅದೇ ಯೋಚನೆ, ಕುಡುಗೋಲು ಮಸೆಯುವಾಗ ಅದೇ ಯೋಚನೆ.

ಒಂಬತ್ತನೆಯ ಸಂತೆಯಲ್ಲಿ ತೂಕ ಹಿಂದಿನ ವಾರದಷ್ಟೇ ಇತ್ತು. ಅವನು ಮನೆಗೆ ಓಡೋಡಿ ಬಂದು, “ಇನ್ನು ನನಗೆ ಒಂದೂವರೆ ಮುದ್ದೆ ಸಾಕು,” ಎಂದ.

“ನಿನ್ನೆ ಒಣಮೀನಿನ ಸಾರು ಸುರಿದುಕೊಂಡು ಒಂದು ಕೊಡ ನೀರು ಕುಡಿದದ್ದು ಯಾರು, ನಾನಾ?” ಎಂದಳು ಹೆಂಡತಿ. “ಆ ನೀರೇ ಹೋಗಿ ತಕ್ಕಡಿಯಲ್ಲಿ ಕೂತಿದೆ. ಮೂರು ಸಂತೆ ಹೀಗೇ ನಿಂತರೆ ನಾನೇ ಮುದ್ದೆ ಚಿಕ್ಕದು ಮಾಡುತ್ತೇನೆ. ಅಲ್ಲಿಯವರೆಗೆ ಇಟ್ಟದ್ದನ್ನು ಸುಮ್ಮನೆ ತಿನ್ನು.”

ಮೂರು ಸಂತೆ ಕಾಯುವ ಎದೆ ಅವನಿಗಿರಲಿಲ್ಲ. ಅವಳು ಒಲೆಯ ಕಡೆ ತಿರುಗಿದಾಗ ಅರ್ಧ ಮುದ್ದೆಯನ್ನು ನಾಯಿಗೆ ಹಾಕಿದ. ದಿನವೂ ಹಾಕಿದ. ಮುಂದಿನ ಸಂತೆಗೆ ಒಂದು ಸೇರು ಇಳಿದಿತ್ತು. ಇಳಿದದ್ದರಲ್ಲಿ ಹೆಚ್ಚಿನದು ಒಣಮೀನಿನ ನೀರು. ಅವನು ಅದನ್ನು ಅರ್ಧ ಮುದ್ದೆಯ ಮಹಿಮೆ ಎಂದುಕೊಂಡ. ಅರ್ಧ ಬಿಟ್ಟದ್ದಕ್ಕೇ ಇಷ್ಟಾದರೆ ಒಂದು ಬಿಟ್ಟರೆ ನಿಶ್ಚಿಂತೆಯಾಗಿರಬಹುದು ಎಂದು ಇನ್ನರ್ಧವನ್ನೂ ಹಾಕಿದ. ತೂಕ ಬೇಗಬೇಗ ಇಳಿಯಿತು. ನಿಶ್ಚಿಂತೆ ಬರಲಿಲ್ಲ. ಈ ವಾರ ಇಳಿದದ್ದು ಬರುವ ವಾರ ಇಳಿಯದಿದ್ದರೇನು ಗತಿ ಎಂದು ಸಂತೆಯಿಂದ ಬರುವ ದಾರಿಯಲ್ಲೇ ದಿಗಿಲು ಹಿಡಿಯುತ್ತಿತ್ತು. ಬೆಳಗ್ಗೆ ಕೊಡ ಎತ್ತುವಾಗ ಕೈ ನಡುಗಿದರೆ ಚಳಿ ಎಂದ. ಮಧ್ಯಾಹ್ನ ಸೌದೆ ಹೊತ್ತು ಬರುತ್ತ ಎರಡು ಕಡೆ ಕೂತರೆ ಬಿಸಿಲು ಎಂದ. ನಾಯಿ ದುಂಡಗಾಯಿತು.

ಹದಿನಾರನೆಯ ಸಂತೆಯ ಹೊತ್ತಿಗೆ ಹನ್ನೊಂದು ಸೇರು ಇಳಿದಿದ್ದ. ಕೇಳಿದ್ದು ಎಂಟು.

“ಹೂವಿನ ಹಾಗಾಗಿದ್ದೀಯಲ್ಲ ಭಾವ,” ಎನ್ನುತ್ತ ಭಾವಮೈದುನ ಹಗ್ಗ ಇಳಿಬಿಟ್ಟ. ಹಗ್ಗ ಒಮ್ಮೆಯೂ ಕಿರುಗುಟ್ಟಲಿಲ್ಲ. ಜೇನುಗಾರ ಗೂಡಿನ ಎದುರು ಬಂದು, ಹೊಗೆ ಹಾಕಿ, ಕುಡುಗೋಲು ಎತ್ತಿದ. ಆಗ ಹಗ್ಗ ಹಿಡಿದಿದ್ದ ಎಡಗೈಯ ಬೆರಳುಗಳು ಒಂದೊಂದಾಗಿ ಬಿಚ್ಚತೊಡಗಿದವು. ಬಿಗಿಯಾಗಿ ಹಿಡಿ ಎಂದರೆ ಅವು ಕೇಳಲಿಲ್ಲ. ಕುಡುಗೋಲನ್ನು ಬಿಟ್ಟು ಎರಡೂ ತೋಳಿನಿಂದ ಹಗ್ಗವನ್ನು ತಬ್ಬಿಕೊಂಡ. ಕುಡುಗೋಲು ಬಂಡೆಗೆ ಬಡಿಯಿತು. ಎಷ್ಟೋ ಹೊತ್ತಿನ ಮೇಲೆ ಕೆಳಗೆ ಇನ್ನೊಮ್ಮೆ ಬಡಿಯಿತು. ಮೇಲೆತ್ತು ಎಂದು ತಿಳಿಸಲು ಹಗ್ಗವನ್ನು ಮೂರು ಸಲ ಜಗ್ಗಬೇಕು. ಜಗ್ಗಬೇಕಾದರೆ ಒಂದು ಕೈ ಬಿಡಿಸಿಕೊಳ್ಳಬೇಕು. ಅಷ್ಟು ಬಲ ಅವನಲ್ಲಿ ಉಳಿದಿರಲಿಲ್ಲ. ಹುಳುಗಳು ಮುಖಕ್ಕೆ ಕವಿದವು. ಕಣ್ಣು ಮುಚ್ಚಿಕೊಂಡು, ಮೇಲಿದ್ದವನಿಗೆ ಕುಡುಗೋಲು ಬಿದ್ದ ಸದ್ದು ಕೇಳಿಸಿರಲಿ ಎಂದು ಕಾದ.

ಕೇಳಿಸಿತ್ತು. ಭಾವಮೈದುನ ಒಂದೇ ಉಸಿರಿಗೆ ಎಳೆದುಕೊಂಡ. ಬಂಡೆಯ ಮೇಲೆ ಬಿದ್ದವನ ತೋಳು ಹಿಡಿದು ನೋಡಿದ.

“ಹಗ್ಗ ಗಟ್ಟಿಯಿದೆ, ನನ್ನ ರಟ್ಟೆಯೂ ಗಟ್ಟಿಯಿದೆ. ನಿನ್ನ ರಟ್ಟೆಯನ್ನು ಎಲ್ಲಿ ಬಿಟ್ಟು ಬಂದೆ ಭಾವ?”

ಆ ಸಲದ ಜೇನು ಬಂಡೆಯಲ್ಲೇ ಉಳಿಯಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಏಳಲು ಹೋಗಿ, ಪಕ್ಕದ ಕಂಬ ಹಿಡಿದುಕೊಂಡು, ಕಣ್ಣಿಗೆ ಕವಿದ ಕತ್ತಲು ತಿಳಿಯಾಗುವವರೆಗೆ ನಿಂತ.

“ಅರ್ಥವಾಯಿತು ಬುದ್ಧಿ,” ಎಂದ. “ಮೂರು ವಾರ ತೂಕ ಕದಲದಿದ್ದರೆ ಮಾತ್ರ ಕಡಿಮೆ ಮಾಡಬೇಕು. ಆದರೆ ಅಲ್ಲಿಯವರೆಗೆ, ಸುಮ್ಮನೆ ಒಂದು ಮುನ್ನೆಚ್ಚರಿಕೆಗೆ, ಇನ್ನೂರೇ ಇನ್ನೂರು ಬಿಟ್ಟರೆ?”

ಗುರುಗಳು ಹೇಳಿದರು: “ಆ ಕಂಬ ಬಿಟ್ಟು ನಿಂತು ಈ ಪ್ರಶ್ನೆ ಕೇಳು.”