ಎಲ್ಲರಿಗೂ ಗೊತ್ತಿದ್ದ ಮಾತು

ನಿರ್ವಾಣಯ್ಯನವರ ಕಣ್ಣು ಮಂಜಾಗುತ್ತ ಬಂದು ಕೊನೆಗೆ ಪೂರಾ ಹೋಯಿತು. ನದಿ ದಂಡೆಯ ಆಶ್ರಮದಲ್ಲಿ ಅವರು ಅದನ್ನು ಯಾರಿಗೂ ಹೇಳಲಿಲ್ಲ.

ಶಿಷ್ಯ ಕೊಟ್ರಯ್ಯ ಒಂದು ದಿನ ನೋಡಿದ. ಗುರುಗಳು ಹಿಡಿದ ತಾಳೆಗರಿ ತಲೆಕೆಳಗಾಗಿತ್ತು. ಪದ್ಯ ಮಾತ್ರ ಒಂದಕ್ಷರ ತಪ್ಪದೆ ಬರುತ್ತಿತ್ತು. ಇದು ತನಗೊಬ್ಬನಿಗೇ ಗೊತ್ತು, ಗುರುವಿನ ಮಾನ ಕಾಯಬೇಕು ಎಂದುಕೊಂಡು ಬಾಯಿಗೆ ಬೀಗ ಹಾಕಿಕೊಂಡ.

ನಸುಕಿನ ಸ್ನಾನಕ್ಕೆ ಗುರುಗಳು ಒಬ್ಬರೇ ಇಳಿಯುವುದು ಅಲ್ಲಿನ ಪದ್ಧತಿ. ಆಗ ಯಾರೂ ಹಿಂದೆ ಹೋಗುವಂತಿಲ್ಲ.

ಒಂದು ಸಂಜೆ ನದಿಯ ಮೂರನೆಯ ಮೆಟ್ಟಿಲ ಕಲ್ಲು ಕಿತ್ತುಹೋಗಿತ್ತು. ಕೊಟ್ರಯ್ಯ ಗುಟ್ಟಾಗಿ ಅದರ ಮೇಲೊಂದು ಹಲಗೆ ಹಾಸಿ ಬಂದ.

ಮರುದಿನ ನಸುಕಿನಲ್ಲಿ ಗುರುಗಳು ಅಲ್ಲೇ ಬಿದ್ದರು. ಹಣೆ ಒಡೆಯಿತು. ಇನ್ನೊಂದು ಮೆಟ್ಟಿಲು ಉರುಳಿದ್ದರೆ ಮಡುವಿನ ಪಾಲಾಗುತ್ತಿದ್ದರು.

ಹಲಗೆ ಅಲ್ಲಿರಲಿಲ್ಲ.

"ತೆಗೆದ ಪಾಪಿ ಯಾರು?" ಕೊಟ್ರಯ್ಯ ಕೂಗಾಡಿದ.

"ನಾನೇ ಕಣಪ್ಪ," ಎಂದು ಅಡುಗೆಯ ಬಸಲಿಂಗ ಅತ್ತ. "ಕಣ್ಣಿಲ್ಲದವರು ಎಡವಿಬಿಟ್ಟಾರು ಅಂತ ತೆಗೆದೆ. ಕೆಳಗೆ ಕಲ್ಲು ಕಿತ್ತುಹೋಗಿದ್ದು ಕತ್ತಲಲ್ಲಿ ಕಾಣಲಿಲ್ಲ."

"ಕಣ್ಣಿಲ್ಲ ಅಂತ ನಿನಗೂ ಗೊತ್ತಿತ್ತಾ?"

"ನನಗೊಬ್ಬನಿಗೇ ಗೊತ್ತು ಅಂದ್ಕೊಂಡಿದ್ದೆ."

ಉಳಿದ ಐವರು ಶಿಷ್ಯರೂ ತಲೆ ತಗ್ಗಿಸಿದರು.

ಕೊಟ್ರಯ್ಯ ಗುರುಗಳ ಕಾಲ ಬಳಿ ಕುಳಿತ. "ನಮಗೆಲ್ಲ ಗೊತ್ತಿತ್ತು, ಗುರುಗಳೇ."

"ನಿಮಗೆ ಗೊತ್ತಿದೆ ಅಂತ ನನಗೂ ಅನುಮಾನ ಇತ್ತು. ಮೂರು ಸಲ ಬೇಕಂತಲೇ ಗರಿ ತಿರುವಿ ಹಿಡಿದೆ. ಒಬ್ಬನೂ ಉಸಿರೆತ್ತಲಿಲ್ಲ."

"ನೀವಾದರೂ ಹೇಳಬಹುದಿತ್ತಲ್ಲ?"

"ಹೇಳಬಹುದಿತ್ತು. ಕುರುಡ ಅಂತ ಬಿಟ್ಟು ಹೋದೀರಿ ಅಂತ ಹೆದರಿದೆ."

ಗುರು ಹೆದರಬಹುದು ಎಂದು ಕೊಟ್ರಯ್ಯ ಎಂದೂ ಎಣಿಸಿರಲಿಲ್ಲ.

ಮಧ್ಯಾಹ್ನ ಎಲ್ಲರೂ ಎಲೆಯ ಮುಂದೆ ಕುಳಿತಾಗ ಗುರುಗಳು ಗೋಡೆ ತಡವಿಕೊಂಡು ಬಂದರು. ಹಣೆಗೆ ಅರಿಸಿನದ ಬಟ್ಟೆ ಕಟ್ಟಿತ್ತು.

"ನನಗೆ ಕಣ್ಣು ಕಾಣೋದಿಲ್ಲ," ಅಂದರು, ಪಂಕ್ತಿಯ ಕೊನೆಯವರಿಗೂ ಕೇಳುವಂತೆ.

ಯಾರಿಗೂ ಆಶ್ಚರ್ಯವಾಗಲಿಲ್ಲ. ಆದರೂ ಬಸಲಿಂಗ ಸೌಟು ಕೆಳಗಿಟ್ಟು ಬಿಕ್ಕಿದ. ಕೊಟ್ರಯ್ಯನ ಎದೆ ಎಷ್ಟೋ ತಿಂಗಳ ಮೇಲೆ ಹಗುರಾಯಿತು. ಯಾಕೆಂದು ಅವನಿಗೇ ತಿಳಿಯಲಿಲ್ಲ.

"ಗುರುಗಳೇ, ಎಲ್ಲರಿಗೂ ಗೊತ್ತಿದ್ದದ್ದನ್ನೇ ಹೇಳಿದಿರಿ. ಇದರಲ್ಲಿ ಹೊಸದೇನು ಬಂತು?" ಕೊಟ್ರಯ್ಯ ಕೇಳಿದ.

ಗುರುಗಳು ಅವನ ದನಿ ಬಂದ ಕಡೆಗೆ ಕೈ ಚಾಚಿದರು.

"ಇಷ್ಟು ದಿನ ಈ ಕೈಯನ್ನ ಯಾರೂ ಹಿಡಿಯೋ ಹಾಗಿರಲಿಲ್ಲ. ಈಗ ಹಿಡಿ."